ಹಳೆಹೊಳೆಯ ಚುಂಚಿ ಮೀನು

ಕಾಲೇಜಿನ ಹೆಸರು ಬೇಡ. ಹೇಳಿದರೆ ನಾಳೆ ಯಾರಾದರೂ ಜಗಳಕ್ಕೆ ಬರುತ್ತಾರೆ, ನನಗೆ ಆ ಉಸಾಬರಿ ಬೇಡ. ಅಥಣಿ ಕಡೆಯ ಒಂದು ಕಾಲೇಜು ಅಂದುಕೊಳ್ಳಿ, ಸಾಕು. ಅದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಜುಗೂಳದ ಜ್ಞಾನದೇವ ಮೂವತ್ತೊಂದು ವರ್ಷ ಅಟೆಂಡರ್ ಆಗಿ ದುಡಿದ. ಬೆಳಿಗ್ಗೆ ಬಾಗಿಲು ತೆಗೆಯುವುದು, ಸೂಕ್ಷ್ಮದರ್ಶಕದ ಧೂಳು ಒರೆಸುವುದು, ಗಾಜಿನ ಜಾಡಿಗಳಲ್ಲಿದ್ದ ಸತ್ತ ಹಾವು, ಮೀನು, ಚೇಳುಗಳಿಗೆ ಫಾರ್ಮಲಿನ್ ಬದಲಿಸುವುದು, ಇದೇ ಕೆಲಸ. ಆ ಘಾಟಿಗೆ ಅವನ ಮೂಗು ಎಂದೋ ಸತ್ತುಹೋಗಿತ್ತು. ಮನೆಯಲ್ಲಿ ಒಗ್ಗರಣೆ ಸೀದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಇಂಥ ಮನುಷ್ಯನಿಗೂ ಒಂದು ಆಸೆ ಇತ್ತು. ದೊಡ್ಡದೇನಲ್ಲ. ಪ್ರತಿ ಜಾಡಿಯ ಮೇಲೂ ಒಂದು ಚೀಟಿ ಅಂಟಿಸಿರುತ್ತಾರೆ, ನೋಡಿರಬೇಕು ನೀವು. ಜೀವಿಯ ಹೆಸರು, ಅದು ಇರುವ ನೆಲೆ, ಸಿಕ್ಕ ಊರು, ತಾರೀಖು, ಎಲ್ಲಕ್ಕಿಂತ ಕೆಳಗೆ ಸಂಗ್ರಹಿಸಿದವರ ಹೆಸರು. ಜ್ಞಾನದೇವನ ಅಕ್ಷರ ಮುತ್ತಿನಂತೆ ದುಂಡಗೆ ಇದ್ದದ್ದರಿಂದ ಚೀಟಿಗಳನ್ನೆಲ್ಲ ಅವನ ಕೈಯಲ್ಲೇ ಬರೆಸುತ್ತಿದ್ದರು. ಆ ಮೀನುಗಳನ್ನು ತಂದವನೂ ಅವನೇ. ಬೆಳಗಿನ ಬಸ್ಸಿಗೆ ಮುಂಚೆ ಕೃಷ್ಣೆಯಲ್ಲಿ ಎದೆಮಟ್ಟ ಇಳಿದು, ಹಿಡಿದು, ಒದ್ದೆ ಪಂಜೆಯಲ್ಲೇ ಡಬ್ಬಿ ಹಿಡಿದುಕೊಂಡು ಕಾಗವಾಡದ ಮೇಲಿಂದ ಬರುತ್ತಿದ್ದ. ಬಂದು ಕುಳಿತು, ತನ್ನದೇ ದುಂಡಗಿನ ಅಕ್ಷರದಲ್ಲಿ, ಸಂಗ್ರಹಿಸಿದವರು ಎಂಬಲ್ಲಿ ವಿಭಾಗದ ಮುಖ್ಯಸ್ಥರ ಹೆಸರು ಬರೆಯುತ್ತಿದ್ದ. ಆ ಮುಖ್ಯಸ್ಥರೋ, ಹೊಳೆಯ ನೀರಿಗೆ ಒಂದು ದಿನವಾದರೂ ಪಾದ ಇಟ್ಟವರಲ್ಲ.

ಹನ್ನೊಂದನೆಯ ವರ್ಷ ಧೈರ್ಯ ಮಾಡಿ ಕೇಳಿಯೇಬಿಟ್ಟ.

“ಸರ, ಒಂದ ಜಾಡಿ ಮ್ಯಾಲರ ನನ್ನ ಹೆಸರ ಹಾಕಬಹುದಲ್ರಿ?”

“ಜ್ಞಾನದೇವ,” ಎಂದರು ಅವರು ನಗುತ್ತ, “ತಂದವರ ಹೆಸರೆಲ್ಲಾ ಬರಕೋಂತ ಹೋದ್ರ ನಿನ್ನನ್ನ ತಂದ ಬಸ್ ಡ್ರೈವರನ ಹೆಸರೂ ಬರೀಬೇಕಾಗತೈತಿ.”

ಇಡೀ ಕೋಣೆ ಗೊಳ್ಳೆಂದಿತು. ಜ್ಞಾನದೇವನೂ ನಕ್ಕ. ನಗದೆ ಏನು ಮಾಡುತ್ತಾನೆ ಪಾಪ, ಅಟೆಂಡರ್ ಅಲ್ಲವೆ! ಆದರೆ ಆ ನಗು ಗಂಟಲಲ್ಲೇ ಸಿಕ್ಕಿಕೊಂಡು ಇಪ್ಪತ್ತು ವರ್ಷ ಕೆಳಗಿಳಿಯಲಿಲ್ಲ.

ಇನ್ನು ಮೀನಿನ ವಿಷಯಕ್ಕೆ ಬರೋಣ. ಜುಗೂಳದ ಕೆಳಗೆ, ಕೃಷ್ಣೆ ಒಂದಾನೊಂದು ಕಾಲದಲ್ಲಿ ಹರಿದು ಆಮೇಲೆ ಬಿಟ್ಟುಹೋದ ಒಂದು ಬಾಗು ಇದೆ. ಊರವರು ಅದನ್ನು ಹಳೆಹೊಳೆ ಅನ್ನುತ್ತಾರೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಅದಕ್ಕೂ ನೀರು ನುಗ್ಗುತ್ತದೆ, ಮಿಕ್ಕ ಕಾಲದಲ್ಲಿ ಕಬ್ಬಿನ ಗದ್ದೆಗಳ ನಡುವೆ ಉದ್ದನೆಯ ಮಡುವಾಗಿ ನಿಂತಿರುತ್ತದೆ. ಅಲ್ಲಿತ್ತು ಈ ಚುಂಚಿ ಮೀನು. ಗೇಣಿಗಿಂತ ಕಡಿಮೆ ಉದ್ದ, ಬೆರಳಿಗಿಂತ ಸಪೂರ. ಮೈಯ ಪಕ್ಕದಲ್ಲಿ ಬೆಳ್ಳಿಯ ಒಂದು ಗೆರೆ. ದೇವರು ಮಾಡುವಾಗ ಕೈಬಿಟ್ಟು ಎದ್ದುಹೋದನೋ ಏನೋ, ಕೆಳಗಿನ ದವಡೆಯನ್ನು ಮಾತ್ರ ಸೂಜಿಯಂತೆ ಮುಂದಕ್ಕೆ ಎಳೆದು, ಮೇಲಿನದನ್ನು ಗಿಡ್ಡಗೇ ಬಿಟ್ಟಿದ್ದಾನೆ. ಆ ಸೂಜಿಯ ತುದಿಗೆ ಕುಂಕುಮದ ಬೊಟ್ಟಿನಷ್ಟು ಕೆಂಪು. ಅದು ತಳಕ್ಕೆ ಇಳಿಯುವುದೇ ಅಪರೂಪ. ನೀರಿನ ತೊಗಲಿಗೆ ಬೆನ್ನು ಹತ್ತಿಸಿಕೊಂಡು ಗುಂಪಾಗಿ ತಿರುಗುತ್ತ, ಮೇಲೆ ಬಿದ್ದ ಹುಳ, ಸೊಳ್ಳೆ, ಪಾಚಿಯ ಎಳೆ ತಿನ್ನುತ್ತದೆ. ಹೊಟ್ಟೆಯ ಚೀಲವೆಂಬುದೇ ಇಲ್ಲ ಅದಕ್ಕೆ. ಗಂಟಲಲ್ಲೇ ಬೀಸುಕಲ್ಲಿನಂಥ ಹಲ್ಲು, ಅರೆದದ್ದು ನೇರವಾಗಿ ಕರುಳಿಗೆ. ಉಳಿಸಿಡುವ ಜಾಗವಿಲ್ಲ, ದಿನದ ಅನ್ನ ದಿನಕ್ಕೆ, ಕೂಲಿಯವರ ಬಾಳಿನಂತೆ.

ಜ್ಞಾನದೇವನಿಗೆ ಈ ಮೀನನ್ನು ತೋರಿಸಿದವಳು ಅವನ ಅವ್ವ ಸೀತವ್ವ. ಬೇರೆಯವರ ಕಬ್ಬಿನಲ್ಲಿ ಕಳೆ ಕೀಳುವ ಹೆಂಗಸು. ಸಂಜೆ ಕೆಲಸ ಬಿಟ್ಟು ಬರುವಾಗ ಹಳೆಹೊಳೆಗೆ ಇಳಿದು ಹಳೆಯ ಸೀರೆಯ ಒಂದು ತುದಿ ತಾನು ಹಿಡಿದು ಇನ್ನೊಂದು ತುದಿ ಮಗನ ಕೈಗೆ ಕೊಡುತ್ತಿದ್ದಳು. ಸೀರೆಯಲ್ಲಿ ಬಂದ ಚುಂಚಿಗಳನ್ನು ಹಾಗೇ ಬುಟ್ಟಿಗೆ ಹಾಕುವ ಪದ್ಧತಿ ಅವಳದಲ್ಲ. ಒಂದೊಂದನ್ನೂ ಬೆರಳಿನಲ್ಲಿ ಹಿಡಿದು ಮುಳುಗುವ ಸೂರ್ಯನಿಗೆ ಅಡ್ಡ ಎತ್ತಿ ನೋಡುವಳು. ಆ ಮೀನಿನ ಮೈ ತೆಳು, ಬೆಳಕಿಗೆ ಹಿಡಿದರೆ ಒಳಗಿನದೆಲ್ಲ ಕಾಣುತ್ತದೆ. ಹೊಟ್ಟೆಯಲ್ಲಿ ತತ್ತಿಯ ಸಾಲು ಕಂಡರೆ ಆಯಿತು.

“ಇದು ಬಸರ ಐತಿ. ಬಿಟ್ಟ ಬಾ, ಹೋಗ.”

ಹುಡುಗ ಬೊಗಸೆಯಲ್ಲಿ ನೀರು ತುಂಬಿಕೊಂಡು ಮೀನನ್ನು ಅದರಲ್ಲಿಟ್ಟು ಓಡುತ್ತಿದ್ದ. ಮರಳಿ ಬಂದ ಕೂಡಲೇ ಅವ್ವನ ಎರಡನೆಯ ಮಾತು ತಯಾರಿರುತ್ತಿತ್ತು.

“ಬಿಟ್ಟಿ? ಎತ್ತಾಗ ಹೋತು?”

“ಬೇರಿನ ಕಡೆ ಹೋತ ಬೇ.”

ಅಲ್ಲೆಲ್ಲ ಅಂತರಗಂಗೆ ತೇಲುತ್ತಿತ್ತು. ಮೇಲೆ ಹಸಿರು ಎಲೆ, ಕೆಳಗೆ ನೀರಿನಲ್ಲಿ ಗಡ್ಡದಂತೆ ಇಳಿಬಿದ್ದ ಬೇರು. ಬಿಟ್ಟ ಮೀನು ಸುಯ್ಯನೆ ಆ ಬೇರಿನ ಸಂದಿಗೇ ನುಗ್ಗುತ್ತಿತ್ತು. ನೂರು ಸಲ ನೋಡಿದ್ದ ಹುಡುಗ, ನೂರು ಸಲ ಅದೇ ಉತ್ತರ ಕೊಟ್ಟಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ದೊಡ್ಡವನಾದ ಮೇಲೆ ಆ ಮಹಾನುಭಾವ ನೆನಪಿಟ್ಟುಕೊಳ್ಳಲಿಲ್ಲ.

ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಅವನು ಒಂದು ಚುಂಚಿಯನ್ನು ಕಾಲೇಜಿಗೂ ಒಯ್ದಿದ್ದ. ಹೊಳೆಯಲ್ಲಿ ಎರಡೂ ದವಡೆ ಉದ್ದವಿರುವ ಬೇರೊಂದು ಮೀನಿದೆ, ಎಲ್ಲರಿಗೂ ಗೊತ್ತಿರುವುದು ಅದು. ಮುಖ್ಯಸ್ಥರು ಕನ್ನಡಕದ ಮೇಲಿನಿಂದ ನೋಡಿ ಆ ಮೀನಿನ ಹೆಸರೇ ಹೇಳಿದರು.

“ಸರ, ಇದಕ ಮ್ಯಾಲಿನ ಚುಂಚ ಇಲ್ರಿ,” ಎಂದ ಜ್ಞಾನದೇವ.

“ಮುರದಿರಬೇಕು. ನೀ ತರುವಾಗ ಮುರದಿರ್ತಿ. ಬರಿ, ಇರುವ ನೆಲೆ, ತೆರೆದ ನೀರಿನ ಮೇಲ್ಮೈ.”

ಜ್ಞಾನದೇವ ಬರೆದ. ತೆರೆದ ನೀರಿನ ಮೇಲ್ಮೈ. ಅದಾದ ಮೇಲೆ ಇಪ್ಪತ್ತೇಳು ವರ್ಷ, ಜಾಡಿ ಒರೆಸಿದಾಗಲೆಲ್ಲ, ತನ್ನದೇ ಅಕ್ಷರದಲ್ಲಿ ಅದನ್ನು ಓದಿದ. ಅಷ್ಟು ಸಲ ಓದಿದ ಮಾತು ಮನುಷ್ಯನ ರಕ್ತಕ್ಕೆ ಇಳಿದುಬಿಡುತ್ತದೆ. ಬರೆಸಿದವನು ನೋಡದೆ ಬರೆಸಿದ್ದು ಎಂಬುದು ಮರೆತುಹೋಗಿ, ಬರೆದದ್ದೇ ಸತ್ಯವಾಗಿ ಉಳಿಯುತ್ತದೆ.

ನಿವೃತ್ತಿಯ ದಿನ ಶಾಲು ಹೊದಿಸಿ ಕಳಿಸಿದರು. ಏನಾದರೂ ಬೇಕೇನು ಎಂದು ಕೇಳಿದ್ದಕ್ಕೆ ಹಿಡಿ ಸವೆದ ಒಂದು ಹಳೆಯ ಭೂತಗನ್ನಡಿ ಕೇಳಿ ತಂದುಕೊಂಡ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಸಪನಾ ನಿಪ್ಪಾಣಿಯಲ್ಲಿ ಸಂಸಾರ ಹೂಡಿದ್ದಳು. ಮನೆಯಲ್ಲಿ ಅವನು ಮತ್ತು ಕಣ್ಣಿಗೆ ಪೊರೆ ಬಂದ ಸೀತವ್ವ. ಇಬ್ಬರೂ ಬೆಳಿಗ್ಗೆ ಎದ್ದು ಚಹಾ ಕುಡಿದ ಮೇಲೆ, ಅವನು ಅವ್ವನ ಕೈಹಿಡಿದುಕೊಂಡು ಹಳೆಹೊಳೆಯ ತನಕ ಹೋಗಿ ಬರುತ್ತಿದ್ದ. ಹೊಳೆಯಲ್ಲಿ ಚುಂಚಿ ಕಾಣದೆ ಎಷ್ಟೋ ವರ್ಷವಾಗಿತ್ತು. ಪಂಪು, ಮರಳು, ಮಹಾಪೂರ, ಕೆಟ್ಟ ನೀರು, ಯಾವುದಕ್ಕೆ ಹೋಯಿತೋ ಹೋಯಿತು. ಆ ಮಡುವಿನಲ್ಲಿ ಮಾತ್ರ ಒಂದು ಮೂವತ್ತು ನಲವತ್ತು ಉಳಿದಿದ್ದವು. ಜ್ಞಾನದೇವ ಅವನ್ನು ದಿನಾ ಎಣಿಸುತ್ತಿದ್ದ, ಕೋಳಿ ಸಾಕಿದವರು ಸಂಜೆಗೆ ಕೋಳಿ ಎಣಿಸುವ ಹಾಗೆ.

ಅಂಥ ಒಂದು ದಿನ ಅಥಣಿ ಕಡೆಯದೇ ಆದ ಅನಂತಪುರದ ಮನೀಷಾ ಬಂದಳು. ದ್ರಾಕ್ಷಿ ತೋಟದವರ ಮಗಳು, ಮೀನಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದವಳು. ಕಾಲೇಜಿನ ಆ ಜಾಡಿಯನ್ನು ನೋಡಿದ್ದಳು, ಚುಂಚು ಮುರಿದದ್ದಲ್ಲ ಎಂದು ಅವಳಿಗೆ ಒಂದೇ ನೋಟಕ್ಕೆ ತಿಳಿದಿತ್ತು. ತಂದವರು ಯಾರೆಂದು ಕೇಳುತ್ತ ಕೇಳುತ್ತ ಜುಗೂಳ ಮುಟ್ಟಿದ್ದಳು. ಹಳೆಹೊಳೆಯ ದಂಡೆಗೆ ಕರೆದೊಯ್ದು ಜ್ಞಾನದೇವ ಗುಂಪನ್ನು ತೋರಿಸಿದಾಗ ಹುಡುಗಿ ಚಪ್ಪಲಿ ಸಹಿತ ನೀರಿಗಿಳಿದಳು.

“ಕಾಕಾ! ಇದು ಸಮುದ್ರದ ದಂಡಿ ಮೀನರಿ. ಉಪ್ಪನೀರು ಸಿಹಿನೀರು ಕೂಡೋ ಜಾಗಾದಾಗ ಇರೂದು. ಹೊಳಿ ಹಿಡದ ಹೋದ್ರ ಇಲ್ಲಿಂದ ಸಮುದ್ರ ಸಾವಿರ ಕಿಲೋಮೀಟರ್ ಮ್ಯಾಲ, ನಡುವ ಎಷ್ಟ ಡ್ಯಾಮ್ ಅದಾವ. ಇದು ಇಲ್ಲಿ ಹೆಂಗ ಐತಿ?”

“ನಮ್ಮವ್ವ ಸಣ್ಣಾಕಿ ಇದ್ದಾಗಿಂದ ಐತಿ ತಂಗಿ. ಹೆಂಗ ಅಂದ್ರ ನಾ ಏನ ಹೇಳ್ಲಿ.”

ಅವಳ ಗೈಡು ನಂಬುತ್ತಿರಲಿಲ್ಲ. ಯಾರೋ ಸಾಕುಮೀನಿನ ಮರಿ ತಂದು ಬಿಟ್ಟಾಗ ಜೊತೆಗೆ ಬಂದಿರಬೇಕು, ಹೀಗೇ ಸತ್ತುಹೋಗುತ್ತದೆ ಎನ್ನುತ್ತಿದ್ದರು. ಡ್ಯಾಮುಗಳು ಕಟ್ಟುವ ಮುಂಚೆ ಮೇಲಕ್ಕೆ ಬಂದು, ಸಮುದ್ರದ ದಾರಿ ಮುಚ್ಚಿದ ಮೇಲೂ ಇಲ್ಲೇ ಮರಿ ಹಾಕುತ್ತ ಉಳಿದ ಕುಲ ಇದು ಎನ್ನಬೇಕಾದರೆ, ಇದೇ ನೀರಿನಲ್ಲಿ ತತ್ತಿಯನ್ನೋ ಮರಿಯನ್ನೋ ತೋರಿಸಬೇಕು. ಜೂನ್ ಮೊದಲ ವಾರ ಗೈಡನ್ನು ಕರೆದುಕೊಂಡು ಬರುತ್ತೇನೆ ಎಂದಳು ಮನೀಷಾ.

“ಅಲ್ಲೀತನಕ ಇವನ್ನ ಉಳಿಸ್ಕೊಳ್ರಿ ಕಾಕಾ. ಇವಕ್ಕ ಆಯುಷ್ಯ ವರ್ಷ ಎರಡ ವರ್ಷ ಅಷ್ಟ. ಈ ಸಲದ ಮರಿ ಹೋದ್ರ ಮುಗೀತು. ಸಾಬೀತಾದ್ರ ಹೊಸಾ ಜಾಡಿ ಮಾಡೋಣ. ಅದರ ಮ್ಯಾಲ ಸಂಗ್ರಹಿಸಿದವರು ಅಂತ ನಿಮ್ಮ ಹೆಸರ. ಮತ್ತ್ಯಾರದೂ ಅಲ್ಲ.”

ಜ್ಞಾನದೇವ ತಲೆ ತಗ್ಗಿಸಿದ. ಅರವತ್ತು ದಾಟಿದ ಗಂಡಸು ಪರ ಹುಡುಗಿಯ ಮುಂದೆ ಅಳಬಾರದೆಂದು ಕೆಮ್ಮಿ, ಅತ್ತಿತ್ತ ನೋಡಿ, ಕೊನೆಗೆ ಪಂಜೆಯ ತುದಿಯಲ್ಲಿ ಮುಖ ಒರೆಸಿಕೊಂಡ.

ಅಂದಿನಿಂದ ಅವನು ಅವನಲ್ಲ. ಹಗಲೆಲ್ಲ ದಂಡೆಯ ಮೇಲೆ ಕೂರುವುದೇ ಕೆಲಸ. ಏಪ್ರಿಲ್ ಕಳೆಯಿತು. ಬಿಸಿಲು ಏರಿದಂತೆ ನೀರು ಇಳಿಯಿತು, ಅಂತರಗಂಗೆ ಮಾತ್ರ ಹಬ್ಬುತ್ತಲೇ ಹೋಯಿತು. ಮೂರು ಪಾಲು ಮಡು ಮುಚ್ಚಿ, ನಡುವೆ ಒಂದು ಅಂಗಳದಷ್ಟು ನೀರು ತೆರೆದಿತ್ತು. ಚುಂಚಿಗಳು ಒಮ್ಮೆ ಅಲ್ಲಿ ಕಾಣಿಸಿ ಮತ್ತೆ ಎಲೆಯ ಕೆಳಗೆ ಮಾಯವಾಗುತ್ತಿದ್ದವು. ಒಂದು ದಿನ ಹನ್ನೆರಡು, ಮರುದಿನ ಏಳು, ಒಂದು ದಿನ ಒಂದೂ ಇಲ್ಲ. ಇದು ತೆರೆದ ನೀರಿನ ಮೀನು, ಕಳೆ ಇದರ ಉಸಿರು ಕಟ್ಟಿಸುತ್ತಿದೆ, ಕಳೆ ತೆಗೆಯದಿದ್ದರೆ ಜೂನ್ ಹೊತ್ತಿಗೆ ತೋರಿಸಲು ಏನೂ ಉಳಿಯುವುದಿಲ್ಲ ಎಂದು ನಿರ್ಧರಿಸಿದ. ಗೈಡ್ ಸಾಹೇಬರು ಬಂದಾಗ ಮಡು ಹೀಗೆ ಕೊಚ್ಚೆಯಂತೆ ಕಾಣಬಾರದು ಎಂಬುದೂ ಮನಸ್ಸಿನ ಮೂಲೆಯಲ್ಲಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಮನೀಷಾಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಮೂವತ್ತೊಂದು ವರ್ಷದ ಮೇಲೆ ಮೊದಲ ಸಲ ಒಬ್ಬರು ಅವನನ್ನು ತಿಳಿದವನೆಂದು ಕಂಡಿದ್ದರು. ಸಣ್ಣದಕ್ಕೆಲ್ಲ ಕೇಳಿದರೆ ಆ ಮರ್ಯಾದೆ ಉಳಿಯುತ್ತದೆಯೆ? ಹೀಗೆ ಯೋಚಿಸಿದ ನೋಡಿ, ಅದೇ ಅವನ ಗ್ರಹಚಾರ.

ಅವರ ಓಣಿಯಲ್ಲಿ ಬುದ್ಧ ಪೌರ್ಣಿಮೆಯ ದಿನ ವಂದನೆ ಮುಗಿಸಿ, ಖೀರು ಕುಡಿದು, ಎಲ್ಲರೂ ಸೇರಿ ಊರಿಗೆ ಬೇಕಾದ ಒಂದು ಕೆಲಸ ಕೈಯಾರೆ ಮಾಡುವ ರೂಢಿ. ಒಂದು ವರ್ಷ ಬಾವಿಯ ಹೂಳು ತೆಗೆದಿದ್ದರು, ಒಂದು ವರ್ಷ ಶಾಲೆಗೆ ಸುಣ್ಣ ಬಳಿದಿದ್ದರು. ಈ ಸಲ ಹಳೆಹೊಳೆಯನ್ನು ತೊಳೆಯೋಣ ಎಂದು ಜ್ಞಾನದೇವ ಎದ್ದು ನಿಂತು ಹೇಳಿದ. ಒಂದು ಜೀವ ಉಳಿಸುವ ಕೆಲಸ, ಇದಕ್ಕಿಂತ ಒಳ್ಳೆಯ ದಿನ ಯಾವುದು ಎಂದ. ಓಣಿಯ ಜನ ಹೂಂ ಅಂದರು. ದಂಡೆಯ ಕಬ್ಬಿನ ಗದ್ದೆಯ ಒಡೆಯ ಮುರಗೆಪ್ಪನೂ ಕೇಳಿ ತಾನೇ ಮನೆತನಕ ಬಂದ. ಒಳ್ಳೆಯ ಮನುಷ್ಯ, ಅವನ ಮೇಲೆ ಒಂದು ಮಾತು ಹೇಳುವ ಹಾಗಿಲ್ಲ.

“ಜ್ಞಾನದೇವಾ, ಕೈಲೆ ಎಷ್ಟ ಎಳಿತೀರಿ? ನನ್ನ ಜೆಸಿಬಿ ಖಾಲೀನ ನಿಂತೈತಿ. ನಿನ್ನ ಮೀನಿಗಿ ಒಂದ ದಿನ ಅದೂ ದುಡೀಲಿ.”

“ಭಾಳ ಉಪಕಾರಾತ ಮುರಗೆಪ್ಪಣ್ಣಾ.”

ಒಳಗೆ ಗೋಡೆಗೆ ಒರಗಿ ಕುಳಿತಿದ್ದ ಸೀತವ್ವ ಎಲ್ಲ ಕೇಳಿಸಿಕೊಂಡಳು. ಮುರಗೆಪ್ಪ ಹೋದ ಮೇಲೆ ಮಗನನ್ನು ಕರೆದಳು.

“ಈಗ ಅಂತರಗಂಗಿ ಎತ್ತಬ್ಯಾಡೋ. ಮಳಿ ಆಗ್ಲಿ, ಆಮ್ಯಾಲ ಎತ್ತು.”

“ಯಾಕ ಬೇ?”

“ಬಸರ ಇರೋ ದಿನಾ ಇವು. ಬಾಣಂತಿ ಮಲಗಿದ ಖೋಲಿ ಮ್ಯಾಲಿನ ಚಪ್ಪರಾ ಯಾರರ ಕೀಳ್ತಾರೇನು?”

“ಅವ್ವಾ, ಅದು ಬಯಲ ನೀರಿನ ಮೀನು. ಹಂಗಂತ ಚೀಟಿ ಮ್ಯಾಲ ಐತಿ. ನಾನ ಬರದೀನಿ. ನಿನಗೇನ ಗೊತ್ತಾಗತೈತಿ, ಸುಮ್ನ ಕುಂದರ.”

ಎಂದೂ ಅವ್ವನಿಗೆ ಎದುರಾಡಿದವನಲ್ಲ. ಅಂದು ಆಡಿದ, ಅದೂ ನಗುತ್ತ. ಕಾಲೇಜಿನ ಕೋಣೆಯಲ್ಲಿ ಮುಖ್ಯಸ್ಥರು ನಕ್ಕಿದ್ದರಲ್ಲ, ಥೇಟು ಆ ನಗೆ. ಸೀತವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಪೌರ್ಣಿಮೆಯ ದಿನ ಸಂಭ್ರಮವೋ ಸಂಭ್ರಮ. ಗಂಡಸರು ಹೆಂಗಸರು ಕುಡುಗೋಲು, ಹಗ್ಗ ಹಿಡಿದು ಇಳಿದರು. ಜೆಸಿಬಿ ತನ್ನ ಕಬ್ಬಿಣದ ಕೈಯನ್ನು ನೀರಿಗೆ ಹಾಕಿ ಅಂತರಗಂಗೆಯನ್ನು ಬೇರುಸಹಿತ ಬಾಚಿ ದಂಡೆಗೆ ಸುರಿಯಿತು. ಮಧ್ಯಾಹ್ನದ ಹೊತ್ತಿಗೆ ಮಡುವಿನ ಉದ್ದಕ್ಕೂ ಆಳೆತ್ತರದ ರಾಶಿ. ನೀರು ಕೆಂಪಗೆ ಕಲಕಿತ್ತು, ಆದರೆ ಎಷ್ಟು ಅಗಲ, ಎಷ್ಟು ಬಯಲು! ಸಂಜೆ ಸ್ವಲ್ಪ ತಿಳಿಯಾದಾಗ ಚುಂಚಿಗಳ ಇಡೀ ಗುಂಪು ನಡುನೀರಿನಲ್ಲಿ ಕಾಣಿಸಿತು. ನಲವತ್ತಕ್ಕೂ ಮೇಲೆ ಇದ್ದವು. ಜ್ಞಾನದೇವ ಎಲ್ಲರ ರಟ್ಟೆ ಹಿಡಿದು ಎಳೆದು ತೋರಿಸಿದ. “ನೋಡ್ರಿ, ನೋಡ್ರಿ, ಹೆಂಗ ಹೊರಗ ಬಂದಾವ!” ಅವು ಹೊರಬಂದದ್ದಲ್ಲ, ಹೊರಹಾಕಿಸಿಕೊಂಡದ್ದು. ಅಷ್ಟು ಗೊತ್ತಾಗಲಿಲ್ಲವೇ ಈ ಮನುಷ್ಯನಿಗೆ? ಗೊತ್ತಾಗಲಿಲ್ಲ. ಅಂದು ಅವನಷ್ಟು ಸುಖಿ ಆ ಹೊಳೆಸಾಲಿನಲ್ಲೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೋದರೆ ದಂಡೆಯ ತುಂಬ ಬೆಳ್ಳಕ್ಕಿ, ನೀರಿನಲ್ಲಿ ನೀರುಕಾಗೆ. ಅಡಗಲು ಒಂದು ಎಲೆಯೂ ಇಲ್ಲದ ನೀರಿನ ಮೇಲೆ, ಬೆನ್ನು ಕಾಣುವಂತೆ ಈಜುವ ಮೀನು. ತಟ್ಟೆಗೆ ಬಡಿಸಿಟ್ಟಂತಾಗಿತ್ತು. ಜ್ಞಾನದೇವ ಕಲ್ಲು ಎಸೆದ, ಕೂಗಿದ, ಅಂಗಿ ಬಿಚ್ಚಿ ಬೀಸುತ್ತ ದಂಡೆಯುದ್ದಕ್ಕೂ ಓಡಿದ. ಈ ತುದಿಯಲ್ಲಿ ಎದ್ದ ಹಕ್ಕಿ ಆ ತುದಿಯಲ್ಲಿ ಕೂರುತ್ತಿತ್ತು. ಮೂರನೆಯ ದಿನ ಬಿಸಿಲಿಗೆ ನೀರು ಕೈಯಿಡಲಾರದಷ್ಟು ಕಾದು, ಕಲಕಿದ ಕೆಸರಿನಿಂದ ಗುಳ್ಳೆ ಏಳತೊಡಗಿದವು. ನಾಲ್ಕನೆಯ ದಿನ ಉಳಿದವು ಬೆಳ್ಳಿಗೆರೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಎಣಿಸಿದ, ಒಂಬತ್ತು. ಹಕ್ಕಿ ಮುಟ್ಟದ, ಇಡಿಯಾಗಿ ಉಳಿದ ಒಂದನ್ನು ಎತ್ತಿಕೊಂಡ. ಹೊಟ್ಟೆ ಉಬ್ಬಿದ ಹೆಣ್ಣು ಮೀನು.

ತಲೆಯ ಮೇಲೆ ಕೈ ಹೊತ್ತು ಕಳೆಯ ರಾಶಿಯ ಪಕ್ಕದಲ್ಲೇ ಕುಸಿದು ಕುಳಿತ. ಎಷ್ಟು ಹೊತ್ತು ಕುಳಿತನೋ. ಕೈ ಸುಮ್ಮನೆ ಒಂದು ಒಣಗಿದ ಬೇರನ್ನು ಜಗ್ಗಿತು. ಬೇರಿನ ಎಳೆಗಳ ನಡುವೆ ಏನೋ ಹರಳು ಹರಳಾಗಿ ಬೆರಳಿಗೆ ಸಿಕ್ಕಿತು. ಜೇಬಿನಿಂದ ಭೂತಗನ್ನಡಿ ತೆಗೆದ.

ಸಾಸಿವೆ ಕಾಳಿನಷ್ಟು ತತ್ತಿಗಳು. ಒಂದೊಂದು ತತ್ತಿಗೂ ಕೂದಲಿಗಿಂತ ತೆಳುವಾದ ದಾರಗಳು, ಆ ದಾರಗಳು ಬೇರಿಗೆ ಸುತ್ತಿ ಸುತ್ತಿ ಗಂಟು ಹಾಕಿಕೊಂಡಿದ್ದವು. ತಾಯಿ ಅವನ್ನು ನೀರಿನ ಪಾಲು ಮಾಡಿರಲಿಲ್ಲ, ತೇಲುವ ತೊಟ್ಟಿಲಿಗೆ ಕಟ್ಟಿ ಹೋಗಿದ್ದಳು. ಒಣಗಿ ಸುಕ್ಕಾದ ತೊಗಲಿನೊಳಗೆ ಎರಡೆರಡು ಕಪ್ಪು ಚುಕ್ಕೆ ಕಾಣುತ್ತಿದ್ದವು. ಕಣ್ಣುಗಳು. ಚುಂಚು ಇನ್ನೂ ಮೂಡಿರಲಿಲ್ಲ. ಅದು ಹುಟ್ಟಿದ ಮೇಲೆ ಬೆಳೆಯುವುದು ಎಂದು ಮನೀಷಾ ಹೇಳಿದ್ದಳು.

ಜ್ಞಾನದೇವ ಇನ್ನೊಂದು ಬೇರು ಎಳೆದ, ಅಲ್ಲೂ ತತ್ತಿ. ಮತ್ತೊಂದು, ಅಲ್ಲೂ. ರಾಶಿಯನ್ನು ಹುಚ್ಚನಂತೆ ಬಗೆದ. ಮುರಗೆಪ್ಪ ಗದ್ದೆಯಿಂದ ಓಡಿಬಂದು ಭುಜ ಹಿಡಿದರೂ ಬಿಡಲಿಲ್ಲ.

“ಏನಾತೋ ಜ್ಞಾನದೇವಾ?”

“ಬೇರಿನ ಕಡೆ ಹೋಗತಿದ್ವು ಮುರಗೆಪ್ಪಣ್ಣಾ. ನಾನ ನೋಡೇನಿ. ಸಣ್ಣಾಂವ ಇದ್ದಾಗಿಂದ ನಾನ ನೋಡೇನಿ. ಬೇರಿನ ಕಡೆ ಹೋಗತಿದ್ವು.”

ಮುರಗೆಪ್ಪನಿಗೆ ಒಂದೂ ತಿಳಿಯಲಿಲ್ಲ. ಬಿಸಿಲು ತಾಗಿರಬೇಕೆಂದು ತಲೆಗೆ ನೀರು ತಟ್ಟಿದ.

ರಾಶಿಯ ತಳದಲ್ಲಿ ಇನ್ನೂ ಹಸಿಯಿದ್ದ ಬೇರುಗಳನ್ನು ಆರಿಸಿ ತಂದು, ಹಿತ್ತಲಿನ ನೆರಳಿನಲ್ಲಿ ದೊಡ್ಡ ಪಾತ್ರೆಗೆ ಹೊಳೆನೀರು ತುಂಬಿ ಇಳಿಬಿಟ್ಟ. ಹತ್ತು ದಿನ ಮೈಯೆಲ್ಲ ಕಣ್ಣಾಗಿ ಕಾದ. ತತ್ತಿಗಳ ಮೇಲೆ ಬಿಳಿಯ ಬೂಷ್ಟು ಬಂತು, ಮತ್ತೇನೂ ಬರಲಿಲ್ಲ. ಹೊಳೆಯ ಈ ದಂಡೆಯುದ್ದಕ್ಕೂ, ಆಚೆ ಮಹಾರಾಷ್ಟ್ರದ ದಂಡೆಗೂ ಹೋಗಿ ಮೀನು ಹಿಡಿಯುವವರನ್ನು ಕೇಳಿದ. ಅಂಥದ್ದು ನೋಡಿ ಎಷ್ಟೋ ವರ್ಷವಾಯಿತು ಎಂದು ಎಲ್ಲರದೂ ಒಂದೇ ಮಾತು. ಲೋಕದಲ್ಲಿ ಯಾರ ಮೇಲಾದರೂ ಸಿಟ್ಟು ಮಾಡೋಣವೆಂದರೆ ಅದಕ್ಕೂ ಒಬ್ಬ ಇರಲಿಲ್ಲ. ನಂಜು ಸುರಿದವರಿಲ್ಲ, ಮರಳು ಕದ್ದವರಿಲ್ಲ. ಕರೆದವನು ಅವನು, ನಿಂತು ಮಾಡಿಸಿದವನು ಅವನು, ಚಪ್ಪಾಳೆ ತಟ್ಟಿದವನೂ ಅವನೇ.

ಅವ್ವ ದಿನಾ ಕೇಳುತ್ತಿದ್ದಳು. ಹಳೆಹೊಳೆಗೆ ಅವಳನ್ನು ಕರೆದೊಯ್ಯುವುದನ್ನು ಅವನು ನಿಲ್ಲಿಸಿದ್ದ, ಮೊಳಕಾಲು ನೋವಿನ ನೆಪ ಹೇಳಿ.

“ಅದಾವೇನೋ?”

“ಅದಾವ ಅವ್ವಾ.”

“ಮರಿ ಆದ್ವ?”

“ಹೂಂ, ಆಗಾಕತ್ತಾವ.”

ಎಂಬತ್ತೈದರ ಮುದುಕಿಗೆ ದಿನಾ ಹೀಗೆ ಸುಳ್ಳು ಹೇಳುತ್ತಿದ್ದ. ನಿಜ ಹೇಳಲು ಬಾಯಿ ತೆರೆದಾಗಲೆಲ್ಲ, ಸುಮ್ನ ಕುಂದರ ಎಂದು ತಾನಂದ ಮಾತು ಅಡ್ಡ ನಿಲ್ಲುತ್ತಿತ್ತು.

ಜೂನ್ ಮೊದಲ ವಾರ ಮನೀಷಾ ಗೈಡನ್ನು ಕರೆದುಕೊಂಡು ಬಂದೇಬಿಟ್ಟಳು. ಖಾಲಿ ಮಡು ನೋಡಿ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಜ್ಞಾನದೇವ ಒಂದೂ ಮುಚ್ಚಿಡದೆ ಹೇಳಿದ. ಗೈಡು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಒಣಬೇರನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು, ತಮ್ಮ ಮಸೂರದಲ್ಲಿ ಬಹಳ ಹೊತ್ತು ನೋಡಿ ಟೋಪಿ ತೆಗೆದರು.

“ನೀವು ಹೇಳಿದ್ದು ಸರಿ. ಇಲ್ಲೇ ಹುಟ್ಟುತ್ತಿತ್ತು ಇದು,” ಎಂದರು. “ಇನ್ನು ಇದರಲ್ಲಿ ಅನುಮಾನವಿಲ್ಲ. ಜಾಡಿಯ ಮೇಲೆ ನಿಮ್ಮ ಹೆಸರೇ ಇರಬೇಕು.”

ಮನೆಯ ಕಟ್ಟೆಯ ಮೇಲೆ ಆ ಹೆಣ್ಣು ಮೀನಿನ ಜಾಡಿ ಇತ್ತು. ಮನೀಷಾ ಮೊದಲೇ ಕೊಟ್ಟುಹೋಗಿದ್ದ ಫಾರ್ಮಲಿನ್ನಿನಲ್ಲಿ ಜ್ಞಾನದೇವ ಅದು ಸಿಕ್ಕ ದಿನವೇ ಇಟ್ಟಿದ್ದ, ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಮನೀಷಾ ಹೊಸ ಚೀಟಿ ಮತ್ತು ಪೆನ್ನು ಮುಂದಿಟ್ಟಳು. ಅವಳ ಕಣ್ಣು ಕೆಂಪಗಾಗಿದ್ದವು.

“ಬರೀರಿ ಕಾಕಾ.”

ಹೆಸರು ಅವಳು ಹೇಳಿದಂತೆ ಬರೆದ. ಇರುವ ನೆಲೆ ಎಂಬಲ್ಲಿ, ತೇಲುವ ಕಳೆಯ ಬೇರು, ಎಂದು ಬರೆದ. ಊರು, ತಾರೀಖು ಬರೆದ. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು. ಇಪ್ಪತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆಸೆ, ಬರಬಾರದ ದಿನ ಕೈಗೆ ಬಂದಿತ್ತು. ಸಂಗ್ರಹಿಸಿದವರು, ಜ್ಞಾನದೇವ, ಜುಗೂಳ. ಅಕ್ಷರ ಎಂದಿನಂತೆ ದುಂಡಗೇ ಬಂತು. ಅದಕ್ಕೆ ಅವನಿಗೆ ತನ್ನ ಕೈಯ ಮೇಲೆ ಹೇಸಿಗೆಯಾಯಿತು.

ಸದ್ದಿಗೆ ಸೀತವ್ವ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು.

“ಏನೋ ಅದು? ಚುಂಚಿ ಏನು? ಕೊಡ ಇಲ್ಲೆ.”

ಯಾರೂ ತಡೆಯುವ ಮುಂಚೆ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಬಾಗಿಲಿನ ಬೆಳಕಿಗೆ ತಿರುಗಿ, ಹಿಂದೆ ಮುಳುಗುವ ಸೂರ್ಯನಿಗೆ ಹಿಡಿಯುತ್ತಿದ್ದ ಹಾಗೇ, ಎತ್ತರಕ್ಕೆ ಹಿಡಿದಳು. ಫಾರ್ಮಲಿನ್ನಿನಲ್ಲಿ ಮೀನಿನ ಮೈ ಮಂಜಾಗುತ್ತದೆ, ಒಳಗಿನದು ಕಾಣುವುದಿಲ್ಲ. ಅವಳ ಕಣ್ಣಿಗೂ ಪೊರೆ. ಆದರೂ ಹೊಟ್ಟೆಯ ಉಬ್ಬನ್ನು ಕಂಡುಹಿಡಿದಳು. ಜಾಡಿಯನ್ನು ಮಗನ ಕೈಗಿತ್ತಳು.

“ಇದು ಬಸರ ಐತಿ. ಬಿಟ್ಟ ಬಾ, ಹೋಗ.”

ಮನೀಷಾ ಆಚೆ ತಿರುಗಿದಳು. ಜ್ಞಾನದೇವ ಜಾಡಿಯನ್ನು ಎದೆಗೊತ್ತಿಕೊಂಡು ಎದ್ದ.

“ಹೂಂ ಅವ್ವಾ.”

ಬೀದಿಗೆ ಬಂದು ಜಾಡಿಯನ್ನು ಜೀಪಿನೊಳಗೆ ಇಟ್ಟ. ಜೀಪು ಹೊರಟುಹೋಯಿತು. ಹಳೆಹೊಳೆಗೆ ಹೋಗಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬೇವಿನ ಮರದ ಕೆಳಗೆ ನಿಂತು, ಮೋಡ ಕಟ್ಟಿದ ಆಕಾಶ ನೋಡಿ, ಒಳಗೆ ಬಂದ.

“ಬಿಟ್ಟಿ?”

“ಬಿಟ್ಟೆ.”

“ಎತ್ತಾಗ ಹೋತು?”

ಜ್ಞಾನದೇವ ಅವ್ವನ ಪಕ್ಕದಲ್ಲಿ ಕುಳಿತ. ಅವಳ ಒರಟು ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ.

“ಬೇರಿನ ಕಡೆ ಹೋತ ಬೇ,” ಎಂದ.